ಹಿತ್ತಲು ಹಸನು ಮಾಡಿಸಬೇಕು: ಬಳ್ಳಾರಿಯಲ್ಲಿ ಯಾರನ್ನು ಕರೆಯಲಿ, ಕಸ ಎಲ್ಲಿಗೆ ಕಳಿಸಲಿ?

ಹಿತ್ತಲಮನೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಹುಬ್ಬಳ್ಳಿಯಲ್ಲಿ. ಬಳ್ಳಾರಿಯ ಕಪ್ಪಗಲ್ಲು ರಸ್ತೆಯ ಕಡೆ ಅಪ್ಪ ಕಟ್ಟಿಸಿದ ಮನೆಯಿದೆ. ಅವರು ತೀರಿಕೊಂಡ ಮೇಲೆ ಹಾಕಿದ ಬೀಗ ಹಾಗೆಯೇ ಇದೆ. ಈಗ ಬಾಡಿಗೆಗೆ ಕೊಡಬೇಕೆಂದಿದ್ದೇವೆ. ಒಳಗೆ ಸುಣ್ಣಬಣ್ಣ ಮಾಡಿಸಿದರೆ ಸಾಕು, ತಲೆನೋವೆಲ್ಲ ಹಿತ್ತಲಿನದು.

ಕಾಂಪೌಂಡಿಗಿಂತ ಎತ್ತರಕ್ಕೆ ಬಳ್ಳಾರಿ ಜಾಲಿ ಎದ್ದಿದೆ. ಸುತ್ತ ಕಾಂಗ್ರೆಸ್ ಗಿಡ. ಮೂಲೆಯ ಶೆಡ್ಡಿನಲ್ಲಿ ಏನಿಲ್ಲ ಎಂದು ಕೇಳಬೇಕು: ಇನ್ವರ್ಟರ್ ಬ್ಯಾಟರಿ, ಸುಟ್ಟ ಟ್ಯೂಬ್‌ಲೈಟುಗಳು, ಹಳೆಯ ಡಬ್ಬಾ ಟಿವಿ, ಬಣ್ಣದ ಡಬ್ಬಿಗಳು, ಒಡೆದ ಸಿಮೆಂಟ್ ಶೀಟು. ಅಪ್ಪ ಸಿರುಗುಪ್ಪದ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದ ಕಾಲದ ಕೀಟನಾಶಕ ಔಷಧದ ಬಾಟಲಿಗಳೂ ಇವೆ. ಕೆಲವದರಲ್ಲಿ ತಳದಲ್ಲಿ ಇನ್ನೂ ದ್ರವ ಉಳಿದಿದೆ.

ಬೆಳಗ್ಗೆ ಕೂಲಿಯವರು ನಿಲ್ಲುವ ಅಡ್ಡೆಯಲ್ಲಿ ಒಬ್ಬರನ್ನು ಕೇಳಿದೆ. ಬಂದು ನೋಡಿ, ಒಟ್ಟು 9,000 ಕೊಡಿ, ಒಂದು ಕಡ್ಡಿಯೂ ಉಳಿಯದ ಹಾಗೆ ಎತ್ತಿಕೊಂಡು ಹೋಗುತ್ತೇವೆ, ಬೇಕಾದರೆ ಕಕ್ಕಸಿನ ಗುಂಡಿಯನ್ನೂ ಅದರಲ್ಲೇ ಮುಗಿಸುತ್ತೇವೆ ಎಂದರು. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದ್ದಕ್ಕೆ, "ಅದು ನಿಮಗೇಕೆ ಅಕ್ಕ" ಎಂದರು. ಆ ಮಾತಿನ ಮೇಲೆ ಹೂಂ ಎನ್ನಲು ಮನಸ್ಸು ಬರಲಿಲ್ಲ. ದರ ಸರಿಯೇ? ಯಾವುದನ್ನು ಅವರ ಕೈಗೆ ಕೊಡಬಾರದು? ತಿಳಿದವರು ಹೇಳಿ.

ಒಗ್ಗರಣೆ_ಮಿರ್ಚಿ:
9,000 ಹೆಚ್ಚಾಯಿತು. ಜೆಸಿಬಿ ಕರೆಸಿ. ಎರಡು ಗಂಟೆಯಲ್ಲಿ ನೆಲ ಕಾಣುತ್ತದೆ.

ಎರೆಹೊಲ:
ಜೆಸಿಬಿ ಬೇಡವೇ ಬೇಡ. ಹಿತ್ತಲಿಗೆ ಅದು ನುಗ್ಗಬೇಕೆಂದರೆ ಮೊದಲು ಕಾಂಪೌಂಡು ಬೀಳಬೇಕು, ಆಮೇಲೆ ನೆಲದೊಳಗಿನ ನೀರಿನ ಪೈಪು ಒಡೆಯಬೇಕು. ಇನ್ನು ಜಾಲಿಯ ವಿಷಯ. ಅದನ್ನು ಮೇಲಿಂದ ಕಡಿದರೆ ಬುಡದಿಂದ ಒಂದರ ಬದಲು ಹತ್ತು ಟೊಂಗೆ ಬರುತ್ತವೆ. ಜೆಸಿಬಿಯ ಬಕೆಟ್ಟಿನಲ್ಲಿ ಕಿತ್ತರೂ ಬುಡ ಅರ್ಧಕ್ಕೆ ಮುರಿದು ಮಣ್ಣಿನಲ್ಲಿ ಉಳಿಯುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಪಿಕಾಸಿ ಹಿಡಿದು ಬುಡದ ಸುತ್ತ ಒಂದು ಅಡಿ ಬಿಡಿಸಿ, ಬೇರು ಕವಲೊಡೆಯುವ ಗಂಟಿನ ಕೆಳಗೆ ಕೊಡಲಿ ಹಾಕಿಸಿ. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಾಗಿರುತ್ತದೆ. ಹಿಂದಿನ ಸಂಜೆ ನೀರು ಬಿಟ್ಟು ನೆನೆಸಿದರೆ ಆಳುಗಳ ಅರ್ಧ ಶ್ರಮ ಉಳಿಯುತ್ತದೆ.

ಮುಳ್ಳಿನ ಬಗ್ಗೆ ಎಚ್ಚರ. ಹವಾಯಿ ಚಪ್ಪಲಿಯನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಒಳಗೆ ಮುರಿದರೆ ಪಾದ ಬಾತು ವಾರಗಟ್ಟಲೆ ಕೂಲಿ ಹೋಗುತ್ತದೆ. ಬಂದವರಿಗೆ ಗಮ್‌ಬೂಟು, ಚರ್ಮದ ಕೈಗವಸು ನೀವೇ ಕೊಡಿಸಿ. ಜೀನ್ಸಿನ ಊರಿನಲ್ಲಿ ದಪ್ಪ ಬಟ್ಟೆಗೆ ಬರವಿಲ್ಲ, ಹಳೆಯ ಪ್ಯಾಂಟು ಹಾಕಿಕೊಂಡು ಬರಲು ಹೇಳಿ.

ಕೊಪ್ಪಳದ_ಕೋಟೆ:
ಇಷ್ಟೆಲ್ಲ ಏಕೆ? ಮೇಕೆ ಸಾಕಿದವರಿಗೆ ಹೇಳಿ, ನಾಲ್ಕು ದಿನ ಬಿಟ್ಟರೆ ಎಲ್ಲ ಮೇಯುತ್ತವೆ. ಖರ್ಚೂ ಇಲ್ಲ.

ಎರೆಹೊಲ:
ಮೇಕೆ ಜಾಲಿಯ ಕಾಯಿಯನ್ನು ತಿನ್ನುತ್ತದೆ, ಎಲೆಯನ್ನಲ್ಲ. ತಿಂದ ಬೀಜ ಹಿಕ್ಕೆಯಲ್ಲಿ ಹಾಗೆಯೇ ಹೊರಬರುತ್ತದೆ, ಜೊತೆಗೆ ಗೊಬ್ಬರವೂ ಸಿಗುತ್ತದೆ. ನಮ್ಮ ಸೀಮೆಯ ಹಳ್ಳದ ದಂಡೆಯೆಲ್ಲ ಜಾಲಿಯಾದದ್ದು ಹೀಗೆಯೇ. ಕಾಂಗ್ರೆಸ್ ಗಿಡವನ್ನಂತೂ ಹಸಿದ ಮೇಕೆಯೂ ಮೂಸುವುದಿಲ್ಲ.

ಕೊಪ್ಪಳದ_ಕೋಟೆ:
ಸರಿ, ಮೇಕೆಯನ್ನು ಹಿಂದಕ್ಕೆ ಪಡೆದೆ.

ಲ್ಯಾಬ್_ಅಕ್ಕ:
ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಮೊದಲು ಹಾವು-ಚೇಳಿನ ಮಾತು ಮುಗಿಸೋಣ, ಏಕೆಂದರೆ ವರ್ಷಗಟ್ಟಲೆ ಮುಚ್ಚಿದ ಶೆಡ್ಡು, ಒಟ್ಟಿದ ಶೀಟು, ಇಟ್ಟಿಗೆ ರಾಶಿ ಎಂದರೆ ಅವುಗಳ ಮನೆ. ಬಿಸಿಲು ಏರಿದಷ್ಟೂ ಅವು ನೆರಳಿನ ಸಂದಿಗೆ ಸರಿಯುತ್ತವೆ. ಗರಗಸ ಮಂಡಲ ಎಂಬ ಹಾವು ಹೆಚ್ಚು ಉದ್ದ ಇರುವುದಿಲ್ಲ, ಒಣ ಕಲ್ಲುನೆಲದಲ್ಲಿ ಕಲ್ಲಿನ ಬಣ್ಣದಲ್ಲೇ ಮಲಗಿರುತ್ತದೆ. ಸಣ್ಣದೆಂದು ಬರಿಗೈಯಲ್ಲಿ ಎತ್ತಿ ಎಸೆಯಲು ಹೋಗಿ ಕಚ್ಚಿಸಿಕೊಂಡವರು ಇದ್ದಾರೆ.

ಕೆಲಸ ಹೊರಗಿನಿಂದ ಒಳಕ್ಕೆ ಸಾಗಲಿ. ಮೊದಲು ಬಾಗಿಲ ಬಳಿಯ ಕಳೆ, ಆಮೇಲೆ ಹಾದಿ, ಕೊನೆಗೆ ಶೆಡ್ಡು. ಯಾವುದನ್ನೂ ಕೈಹಾಕಿ ಎತ್ತಬಾರದು, ಉದ್ದನೆಯ ಕಬ್ಬಿಣದ ಸಲಾಕೆಯಿಂದ ಉರುಳಿಸಬೇಕು. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಒಂದೇ ಮದ್ದು, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆ ವರದಿ ಮಾಡಲೇಬೇಕು. ಕೆಂಪು ಚೇಳನ್ನೂ ಹಗುರವಾಗಿ ಕಾಣಬೇಡಿ, ಮಕ್ಕಳಿಗೆ ಕುಟುಕಿದರೆ ಹೃದಯಕ್ಕೇ ಪೆಟ್ಟು. ಕೆಲಸದವರು ಮಗುವನ್ನು ಜೊತೆಗೆ ತಂದರೆ ಹಿತ್ತಲಿಗೆ ಬಿಡದೆ ಮುಂದಿನ ಜಗಲಿಯಲ್ಲಿ ಕೂರಿಸಿ.

ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸವಿದೆ. ಗೋಣಿಚೀಲಕ್ಕೆ ತುಂಬಿ ಕುಕ್ಕಿದರೆ ಅದೆಲ್ಲ ಚೀಲ ಹೊತ್ತವನ ಮೂಗಿಗೆ. ಒಡೆಯದಂತೆ ರಟ್ಟಿನಲ್ಲಿ ಸುತ್ತಿ ಬೇರೆಯಾಗಿಡಿ. ಒಡೆದಿದ್ದರೆ ಕಿಟಕಿ ಬಾಗಿಲು ತೆರೆದು ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ಪೊರಕೆ ಮುಟ್ಟದೆ ದಪ್ಪ ಕಾಗದದಿಂದ ಗೋರಿ, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ.

ಗುಜರಿ_ಲೆಕ್ಕ:
ಎಲ್ಲರೂ ಖರ್ಚು ಹೇಳುತ್ತಿದ್ದೀರಿ, ಆ ಶೆಡ್ಡಿನಲ್ಲಿ ಹಣವಿದೆ ಎಂದು ಯಾರೂ ಹೇಳಲಿಲ್ಲ. ಇನ್ವರ್ಟರ್ ಬ್ಯಾಟರಿಯ ತೂಕದ ಬಹುಪಾಲು ಸೀಸ. ಹೊಸ ಬ್ಯಾಟರಿ ಮಾರುವವರು ಹಳೆಯದನ್ನು ತೂಕ ಹಾಕಿ ಕೊಳ್ಳುತ್ತಾರೆ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸು ಪಡೆಯುವ ಹೊಣೆ ತಯಾರಕರದೇ. ಒಟ್ಟು ಗುತ್ತಿಗೆ ಕೇಳಿದ ಮನುಷ್ಯ ಅದನ್ನು ಕಂಡೇ 9,000 ಎಂದಿರುತ್ತಾನೆ. ಬ್ಯಾಟರಿ ಅವನಿಗೆ ಲಾಭ, ಉಳಿದದ್ದು ಯಾವುದಾದರೂ ಹಳ್ಳಕ್ಕೆ.

ಬೀದಿ ಗುಜರಿಗೆ ಬ್ಯಾಟರಿ ಕೊಡಬೇಡಿ. ಸಣ್ಣ ಅಂಗಡಿಗಳಲ್ಲಿ ಅದನ್ನು ಕೊಡಲಿಯಿಂದ ಒಡೆದು ಆಸಿಡ್ಡನ್ನು ಚರಂಡಿಗೆ ಸುರಿಯುತ್ತಾರೆ, ಸೀಸದ ತಟ್ಟೆಗಳನ್ನು ಹುಡುಗರು ಬರಿಗೈಯಲ್ಲಿ ಬಿಡಿಸುತ್ತಾರೆ. ಟಿವಿ, ಮಿಕ್ಸಿ, ಫೋನು ಎಲ್ಲ ಇ-ತ್ಯಾಜ್ಯ, ನೋಂದಾಯಿತ ಸಂಗ್ರಹಕಾರರಿಗೇ ಹೋಗಬೇಕು. ಡಬ್ಬಾ ಟಿವಿಯ ಗಾಜಿನಲ್ಲೂ ಸೀಸವಿರುವುದರಿಂದ ತಾಮ್ರದ ಆಸೆಗೆ ಹಿಂದಿನ ಕೊರಳು ಮುರಿಯಲು ಬಿಡಬೇಡಿ. ಕಬ್ಬಿಣ, ರಟ್ಟು, ಪ್ಲಾಸ್ಟಿಕ್ ಕುರ್ಚಿ ಮಾತ್ರ ಮಾಮೂಲಿ ಗುಜರಿಗೆ ಸಾಕು.

ಮೇಷ್ಟ್ರು_ನಿವೃತ್ತ:
ತಂಗಿ, ನೀವು ಕೊನೆಗೆ ಸೇರಿಸಿದ ಮಾತು ಎಲ್ಲಕ್ಕಿಂತ ದೊಡ್ಡದು: ಕಕ್ಕಸಿನ ಗುಂಡಿ. ಇಷ್ಟು ಉತ್ತರ ಬಂದರೂ ಒಬ್ಬರೂ ಅದನ್ನು ಮುಟ್ಟಲಿಲ್ಲ, ಬೇಸರವಾಯಿತು. ಮನುಷ್ಯರನ್ನು ಗುಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. "ಅವನೇ ಒಪ್ಪಿದ್ದ" ಎಂಬ ಮಾತು ನಡೆಯುವುದಿಲ್ಲ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದಿತ್ತು, 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು.

ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಹೆಚ್ಚಾದಾಗ ಮೂಗು ಸತ್ತುಹೋಗಿ ವಾಸನೆಯೇ ತಿಳಿಯುವುದಿಲ್ಲ. ಇಳಿದವನು ಎರಡು ಉಸಿರಿಗೆ ಕುಸಿಯುತ್ತಾನೆ. ಎತ್ತಲು ಇಳಿದ ತಮ್ಮನೂ ಕುಸಿಯುತ್ತಾನೆ. ಹೀರುಯಂತ್ರದ ಗಾಡಿಗೆ ಹೇಳಿ, ಅದೂ ಒಟ್ಟು ಗುತ್ತಿಗೆಯ ಹೊರಗೆ.

ಒಗ್ಗರಣೆ_ಮಿರ್ಚಿ:
ಮೇಷ್ಟ್ರೇ, ನಿಮ್ಮ ಮಾತು ಒಪ್ಪಿದೆ. ಆದರೆ ಒಂದು ಹಿತ್ತಲಿಗೆ ಇಷ್ಟೊಂದು ಕಾನೂನು ಓದಿಕೊಂಡು ಕೂತರೆ ಮನೆ ಬಾಡಿಗೆಗೆ ಹೋಗುವುದು ಯಾವಾಗ? ಕಳೆ, ಕಾಗದ, ಪ್ಲಾಸ್ಟಿಕ್ ಒಂದು ಮೂಲೆಗೆ ಒಟ್ಟಿ ಸಂಜೆ ಬೆಂಕಿ ಹಾಕಿದರೆ ಕೆಲಸ ಮುಗಿಯಿತು. ನಮ್ಮ ಓಣಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ.

ಲ್ಯಾಬ್_ಅಕ್ಕ:
ಮಿರ್ಚಿಯವರೇ, ಆ ಶೆಡ್ಡಿನ ರಾಶಿಗೆ ಬೆಂಕಿ ಹಾಕಿದರೆ ಏನಾಗುತ್ತದೆ ಗೊತ್ತೇ? ಅರ್ಧ ತುಂಬಿದ ಥಿನ್ನರ್ ಡಬ್ಬಿ ಬಾಂಬಿನ ಹಾಗೆ ಸಿಡಿಯುತ್ತದೆ, ಔಷಧದ ಬಾಟಲಿಯ ಹೊಗೆ ಪಕ್ಕದ ಮನೆಯ ಮಲಗುವ ಕೋಣೆಗೆ ಹೋಗುತ್ತದೆ. ಪಿವಿಸಿ ಪೈಪು, ವೈರು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಗಣಿಯ ಲಾರಿಗಳ ಧೂಳು ಕುಡಿದಿರುವ ಶ್ವಾಸಕೋಶಕ್ಕೆ ಇದೊಂದು ಬಾಕಿ ಇತ್ತು.

ಮೇಷ್ಟ್ರು_ನಿವೃತ್ತ:
ಬೆಂಕಿ ಹಾಕುವುದು, ಹೂಳುವುದು, ಚರಂಡಿಗೆ ಸುರಿಯುವುದು ಮೂರಕ್ಕೂ ಘನತ್ಯಾಜ್ಯ ನಿಯಮಗಳಲ್ಲೇ ನಿಷೇಧವಿದೆ. ತೋಟದ ಕಸ, ಕಟ್ಟಡ ಒಡೆದ ಕಸ ಎರಡನ್ನೂ ಮನೆಯವರೇ ಬೇರೆ ಬೇರೆ ಇಟ್ಟುಕೊಂಡು ಒಪ್ಪಿಸಬೇಕು. ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಬಲ್ಬು, ಅವಧಿ ಮೀರಿದ ಮಾತ್ರೆ, ಸೂಜಿ ಇವು ಮನೆಯ ಅಪಾಯಕಾರಿ ತ್ಯಾಜ್ಯ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರುವುದಿಲ್ಲ.

ಒಗ್ಗರಣೆ_ಮಿರ್ಚಿ:
ನಿಯಮ ಬೆಂಗಳೂರಿನವರಿಗೆ ಬರೆದದ್ದು. ನಮ್ಮ ಓಣಿಗೆ ಬರುವ ಕಸದ ಗಾಡಿಯಲ್ಲಿ ಎರಡು ಡಬ್ಬಿಗಳಿವೆ, ಎರಡೂ ಕೊನೆಗೆ ಒಂದೇ ರಾಶಿಗೆ ಬೀಳುತ್ತವೆ. ಬೇರ್ಪಡಿಸಿ ಕೊಟ್ಟ ನಾನೇ ಪೆದ್ದ.

ಮೇಸ್ತ್ರಿ_ಕೆಲಸ:
ನಾನು ಇಂತಹ ಕೆಲಸವನ್ನೇ ಗುತ್ತಿಗೆ ಹಿಡಿದು ಮಾಡಿಸುವವನು. ನಾಲ್ಕೈದು ಆಳುಗಳು ನನ್ನ ಜೊತೆಗಿದ್ದಾರೆ. ಇಷ್ಟು ಹೊತ್ತು ಓದಿದೆ, ಎಲ್ಲರೂ ನಮ್ಮ ಬಗ್ಗೆ ಮಾತನಾಡುತ್ತಿದ್ದೀರಿ. ನಮ್ಮ ಕಡೆಯ ಲೆಕ್ಕವನ್ನೂ ಕೇಳಿ.

"ಅದು ನಿಮಗೇಕೆ ಅಕ್ಕ" ಎಂದದ್ದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಆ ಮಾತು ಏಕೆ ಬರುತ್ತದೆ? ಹತ್ತು ಮನೆಯಲ್ಲಿ ಒಂಬತ್ತು ಮನೆಯವರು ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳುವುದೇ ಇಲ್ಲ. ಕಣ್ಣೆದುರಿನಿಂದ ಹೋದರೆ ಸಾಕು. ಸರಿಯಾದ ಜಾಗಕ್ಕೆ ಒಯ್ಯಲು ಟ್ರ್ಯಾಕ್ಟರಿನ ಡೀಸೆಲ್ ಬೇಕು, ಅರ್ಧ ದಿನದ ಹೊತ್ತು ಬೇಕು. ಅದನ್ನು ದರದಲ್ಲಿ ಸೇರಿಸಿ 12,000 ಎಂದರೆ, ಪಕ್ಕದವನು 7,000ಕ್ಕೆ ಮಾಡುತ್ತಾನೆ ಎನ್ನುತ್ತಾರೆ. ಪಕ್ಕದವನು ರಾತ್ರಿ ಬೈಪಾಸಿನ ಬದಿಗೆ ಸುರಿದು ಬರುತ್ತಾನೆ. ಆಮೇಲೆ ಅದೇ ಮನೆಯವರು ಕಾರಿನಲ್ಲಿ ಆ ದಾರಿಯಲ್ಲಿ ಹೋಗುತ್ತಾ ಊರು ಕೆಟ್ಟಿತು ಎಂದು ಮೂಗು ಮುಚ್ಚಿಕೊಳ್ಳುತ್ತಾರೆ.

ಇನ್ನೊಂದು ಮಾತು. ಒಡೆದ ಗಾಜನ್ನು ಚೀಲದ ನಡುವೆ ಹಾಕಿ ಮೇಲೆ ಎಲೆ ಮುಚ್ಚಿ ಕೊಡುತ್ತಾರೆ. ಹೇಳಿದರೆ ಹೆಚ್ಚು ಹಣ ಕೇಳುತ್ತೇವೆಂದು ಹೇಳುವುದಿಲ್ಲ. ನನ್ನ ಜೊತೆಯ ಒಬ್ಬನ ಅಂಗೈ ಹೀಗೆಯೇ ಸೀಳಿತು, ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಆ ಮನೆಯವರು ಕೊಟ್ಟದ್ದು ಒಂದು ದಿನದ ಕೂಲಿ, ಒಂದು ಪಟ್ಟಿ ಬ್ಯಾಂಡೇಜು.

ಆದ್ದರಿಂದ ಅಕ್ಕ, ಒಟ್ಟು ಗುತ್ತಿಗೆ ಕೊಡಬೇಡಿ. ಎರಡು ಭಾಗ ಮಾಡಿ. ಕಳೆ, ಜಾಲಿ, ಮಣ್ಣು, ಇಟ್ಟಿಗೆ ಇದು ನಮ್ಮ ಕೆಲಸ, ದಿನಗೂಲಿಯಲ್ಲಿ ಮಾಡಿಸಿ. ಶೆಡ್ಡಿನ ಸಾಮಾನು ನಿಮ್ಮ ಕೆಲಸ, ನೀವೇ ನಿಂತು ಬೇರ್ಪಡಿಸಿ. ಯಾವ ಬಾಟಲಿಯಲ್ಲಿ ಏನಿತ್ತು ಎಂಬುದು ಅಪ್ಪನ ಮಗಳಿಗೆ ಗೊತ್ತಿರಬಹುದು, ನಮಗೆ ಹೇಗೆ ಗೊತ್ತಾಗಬೇಕು? ಲೇಬಲ್ ಇಂಗ್ಲಿಷಿನಲ್ಲಿರುತ್ತದೆ, ಇಲ್ಲವೇ ಇಲಿ ತಿಂದಿರುತ್ತದೆ.

ಹಿತ್ತಲಮನೆ:
ಮೇಸ್ತ್ರಿಯವರೇ, ಇಷ್ಟು ನೇರವಾಗಿ ಬರೆದದ್ದಕ್ಕೆ ನಿಮಗೆ ಋಣಿ. ದಿನಗೂಲಿ ಈಗ ಎಷ್ಟು ನಡೆಯುತ್ತಿದೆ?

ಮೇಸ್ತ್ರಿ_ಕೆಲಸ:
ಜಾಲಿ ಕೀಳುವಂತಹ ಕೆಲಸಕ್ಕೆ ಗಂಡಾಳಿಗೆ 700, 800. ಹೆಣ್ಣಾಳಿಗೆ 400. ಪಿಕಾಸಿ, ಕೊಡಲಿ ನಮ್ಮದೇ. ಚಹಾ ನಿಮ್ಮದು.

ರಾಯಚೂರು_ಬಿಸಿಲು:
ಅಣ್ಣಾ, ಇಲ್ಲಿಯವರೆಗೆ ನಿಮ್ಮ ಮಾತಿಗೆ ತಲೆದೂಗಿದೆ, ಇಲ್ಲಿ ನಿಲ್ಲಿಸಿದೆ. ಗಂಡಾಳು ಕಿತ್ತ ಮುಳ್ಳನ್ನು ಬುಟ್ಟಿಯಲ್ಲಿ ಹೊತ್ತು ಗೇಟಿನವರೆಗೆ ಇಪ್ಪತ್ತು ಸಲ ನಡೆಯುವುದು ಹೆಣ್ಣಾಳು. ಬಿಸಿಲು ಇಬ್ಬರಿಗೂ ಒಂದೇ. ಉದ್ಯೋಗ ಖಾತರಿಯಲ್ಲಿ 2025–26ರ ಕೂಲಿ 370 ಇತ್ತು, ಗಂಡಸಿಗೂ ಹೆಂಗಸಿಗೂ ಅಷ್ಟೇ. ಸರ್ಕಾರ ಒಂದೇ ದರ ಕೊಡುವಾಗ ನಿಮ್ಮ ಗುಂಪಿನಲ್ಲಿ ಅರ್ಧ ಏಕೆ?

ಮೇಸ್ತ್ರಿ_ಕೆಲಸ:
ನಾನು ಮಾಡಿದ ದರವಲ್ಲ, ಅಡ್ಡೆಯ ದರ.

ರಾಯಚೂರು_ಬಿಸಿಲು:
ಅಡ್ಡೆಯ ದರ ಹೇಳುವವರು ಮೇಸ್ತ್ರಿಗಳೇ ಅಲ್ಲವೇ? ಇರಲಿ, ಮನೆಯವರು ಕೈಗೆ ಕೈ ಸಮ ಕೊಡಲಿ. ಹಿತ್ತಲಮನೆಯವರೇ, ನೀವು ಹಣವನ್ನು ಪ್ರತಿಯೊಬ್ಬರ ಕೈಗೇ ಕೊಡಿ.

ಮತ್ತೆ ಹೊತ್ತಿನ ವಿಚಾರ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಯನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಫ್ಯಾನಿನ ಕೆಳಗೆ ಕೂತವರಿಗೇ ಈ ಕಾಳಜಿ ಇರುವಾಗ ಬಯಲಲ್ಲಿ ಪಿಕಾಸಿ ಎತ್ತುವವರನ್ನು ಮೂರು ಗಂಟೆಯ ಬಿಸಿಲಿಗೆ ನಿಲ್ಲಿಸುವುದು ಯಾವ ನ್ಯಾಯ? ಆರಕ್ಕೆ ಆರಂಭಿಸಿ ಹನ್ನೊಂದಕ್ಕೆ ಬಿಡಿ, ಬೇಕಾದರೆ ಸಂಜೆ ನಾಲ್ಕೂವರೆಗೆ ಮತ್ತೆ ಬರಲಿ. ಕೂಲಿ ಪೂರ್ತಿ ದಿನದ್ದು. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಮಜ್ಜಿಗೆ ಕೊಡುವಾಗ ಮನೆಯೊಳಗಿನ ಲೋಟದಲ್ಲೇ ಕೊಡಿ. ಹಿತ್ತಲ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟಿರುವ ಆ ಸೊಟ್ಟ ಲೋಟವನ್ನು ಗುಜರಿಗೆ ಹಾಕಿ.

ಒಗ್ಗರಣೆ_ಮಿರ್ಚಿ:
ಈಗ ಯಾರೂ ಹಾಗೆ ಮಾಡುವುದಿಲ್ಲ. ಇಲ್ಲದ ಜಗಳ ತರಬೇಡಿ.

ಮೇಸ್ತ್ರಿ_ಕೆಲಸ:
ಮಾಡುತ್ತಾರೆ. ಈಗ ಕಾಗದದ ಲೋಟ ಬಂದಿದೆ, ಅಷ್ಟೇ ವ್ಯತ್ಯಾಸ. ಮನೆಯವರು ಸ್ಟೀಲಿನಲ್ಲಿ ಕುಡಿಯುತ್ತಾರೆ.

ಗಂಗಾವತಿ_ಭತ್ತ:
ಔಷಧದ ಬಾಟಲಿಯ ಪ್ರಶ್ನೆಗೆ ಯಾರೂ ಸರಿಯಾಗಿ ಬರಲಿಲ್ಲ. ನಮ್ಮದು ಭತ್ತದ ಸೀಮೆ, ಪ್ರತಿ ಮನೆಯ ಅಟ್ಟದಲ್ಲೂ ಇಂತಹ ಬಾಟಲಿಗಳಿವೆ. ಅಕ್ಕ, ಲೇಬಲ್ ಓದಲು ಬಂದರೆ ಓದಿ. ಎಂಡೋಸಲ್ಫಾನ್ ಇದೆಯೇ? 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು, ಆದರೆ ಅಷ್ಟರಲ್ಲಿ ಕೊಂಡಿಟ್ಟದ್ದು ಎಷ್ಟೋ ಮನೆಗಳಲ್ಲಿ ಹಾಗೆಯೇ ಉಳಿದಿದೆ.

ಹೊಲದಲ್ಲಿ ಬಾಟಲಿ ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು ಬೆಳೆಗೆ ಹೊಡೆಯಬೇಕು, ಬಾಟಲಿಯನ್ನು ಮತ್ತೆ ಬಳಸದಂತೆ ತೂತು ಮಾಡಬೇಕು. ಇದು ಹೊಲದ ಕ್ರಮ. ಊರೊಳಗಿನ ಹಿತ್ತಲಿನಲ್ಲಿ ತೊಳೆಯಬೇಡಿ, ಆ ನೀರು ಬಚ್ಚಲಿಗೆ, ಬಚ್ಚಲಿನಿಂದ ಚರಂಡಿಗೆ ಹೋಗುತ್ತದೆ. ಒಂದರದನ್ನು ಇನ್ನೊಂದಕ್ಕೆ ಸುರಿದು ಬಾಟಲಿ ಉಳಿಸುವ ಜಾಣತನವೂ ಬೇಡ. ಕೈಗವಸು, ಮೂಗಿಗೆ ಮಾಸ್ಕ್ ಹಾಕಿಕೊಂಡು ಹಾಗೆಯೇ ನೆಟ್ಟಗೆ ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನಿಲ್ಲಿಸಿ. ಸುತ್ತ ಮರದ ಪುಡಿಯನ್ನೋ ಒಣ ಮಣ್ಣನ್ನೋ ತುಂಬಿದರೆ ಸೋರಿದ್ದನ್ನು ಅದು ಹೀರುತ್ತದೆ. ಮುಚ್ಚಳ ಬಿಗಿದು "ವಿಷ" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ.

ಗುಜರಿಯವರಿಗೆ ಮಾತ್ರ ಕೊಡಬೇಡಿ. ಒಳ್ಳೆಯ ದಪ್ಪ ಬಾಟಲಿ ಎಂದು ಯಾರೋ ತೊಳೆದು ಅದರಲ್ಲಿ ಅಡುಗೆ ಎಣ್ಣೆ ತುಂಬುತ್ತಾರೆ.

ಹಿತ್ತಲಮನೆ:
ಡ್ರಮ್ಮು ಮಾಡಿದ ಮೇಲೆ? ಜೀವಮಾನವಿಡೀ ಮನೆಯಲ್ಲಿ ಇಟ್ಟುಕೊಳ್ಳುವುದೇ?

ಗಂಗಾವತಿ_ಭತ್ತ:
ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬರಹದಲ್ಲಿ ಕೇಳಿ. ಪಾಲಿಕೆಯ ಪರಿಸರ ಎಂಜಿನಿಯರಿಗೂ, ಬಳ್ಳಾರಿಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಅದೇ ಪತ್ರದ ಪ್ರತಿ ಕೊಡಿ. ಬಾಯಿಮಾತಿನಲ್ಲಿ ಕೇಳಿದರೆ "ಎಲ್ಲಾದರೂ ಹೂತುಬಿಡಿ" ಎಂಬ ಉತ್ತರ ಸಿಗುವ ಸಂಭವವಿದೆ, ಬರಹದಲ್ಲಿ ಯಾರೂ ಹಾಗೆ ಹೇಳಲಾರರು. ಇಂತಹ ವಿಷ ಕೊನೆಗೆ ಹೋಗಬೇಕಾದದ್ದು ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ, ನಮ್ಮ ರಾಜ್ಯದಲ್ಲಿ ಅದು ದಾಬಸ್‌ಪೇಟೆಯ ಕಡೆ ಇದೆ. ಒಬ್ಬ ಮನೆಯವರು ಹೊತ್ತುಕೊಂಡು ಹೋಗುವ ಜಾಗವಲ್ಲ, ಕಚೇರಿಯ ಮೂಲಕವೇ ಹೋಗಬೇಕು. ಅಲ್ಲಿಯವರೆಗೆ ಡ್ರಮ್ಮಿಗೆ ಬೀಗದ ಕೋಣೆ.

ಹಿತ್ತಲಮನೆ:
ಇನ್ನೊಂದು ಡಬ್ಬಿಯಲ್ಲಿ ಕಪ್ಪು ಪುಡಿಯಿದೆ. ಅಪ್ಪ ಇಲಿಗೆ ಇಡುತ್ತಿದ್ದದ್ದು. ನೀರು ಹಾಕಿ ಕರಗಿಸಿ ಚೆಲ್ಲಿದರೆ?

ಲ್ಯಾಬ್_ಅಕ್ಕ:
ನಿಲ್ಲಿ! ನೀರು ಮುಟ್ಟಿಸಬೇಡಿ. ಕಪ್ಪು ಇಲಿ ಪಾಷಾಣ ಎಂದರೆ ಬಹುತೇಕ ಜಿಂಕ್ ಫಾಸ್ಫೈಡ್. ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ, ಆಸಿಡ್ ತಾಗಿದರೆ ಇನ್ನೂ ಬೇಗ. ಭತ್ತ-ಜೋಳದ ಮೂಟೆಗೆ ಇಡುವ ಮಾತ್ರೆಯಲ್ಲೂ ಇದೇ ಅನಿಲ, ಅದು ಗಾಳಿಯ ತೇವಕ್ಕೇ ಬಿಡುಗಡೆಯಾಗುತ್ತದೆ. ಡಬ್ಬಿಯನ್ನು ತೆರೆಯದೆ, ಒಣಗಿದ ಇನ್ನೊಂದು ಡಬ್ಬಿಯೊಳಗಿಟ್ಟು, ಬೇರೆಯಾಗಿ ಗುರುತು ಮಾಡಿ. ಔಷಧದ ಡ್ರಮ್ಮಿಗೆ ಸೇರಿಸಬೇಡಿ.

ಹಾಗೆಯೇ ಕಕ್ಕಸು ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನ ಜೊತೆ ಸೇರಿಸಿ ನೆಲ ಉಜ್ಜಿಸುವ ಆಲೋಚನೆ ಯಾರಿಗಾದರೂ ಇದ್ದರೆ ಕೈಬಿಡಿ, ಕ್ಲೋರಿನ್ ಬರುತ್ತದೆ.

ಗುಜರಿ_ಲೆಕ್ಕ:
ಸಿಮೆಂಟ್ ಶೀಟು ಬಾಕಿ ಉಳಿಯಿತು. ಹಳೆಯ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಅದನ್ನು ಸುತ್ತಿಗೆಯಿಂದ ಪುಡಿ ಮಾಡಿ ಚೀಲಕ್ಕೆ ತುಂಬುವುದೇ ಎಲ್ಲರ ಅಭ್ಯಾಸ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ, ಇದ್ದ ತುಂಡನ್ನು ಇದ್ದ ಹಾಗೆಯೇ ಎತ್ತಿ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಟ್ಟಿಸಿ. ಎತ್ತುವವರಿಗೆ ಮಾಸ್ಕ್. ಕರವಸ್ತ್ರ ಕಟ್ಟಿಕೊಂಡರೆ ಸಾಲದು.

ಒಗ್ಗರಣೆ_ಮಿರ್ಚಿ:
ನಮ್ಮ ಮನೆಯ ಮಾಡಿಗೆ ಅದೇ ಶೀಟು ಇದೆಯಲ್ಲ, ಈಗ ಏನು ಮಾಡಲಿ?

ಗುಜರಿ_ಲೆಕ್ಕ:
ಒಡೆಯದೆ ಇರುವವರೆಗೆ ಏನೂ ಮಾಡಬೇಡಿ. ಬಿರುಕು ಬಿಟ್ಟಿದ್ದರೆ ಬಣ್ಣ ಬಳಿದು ಮುಚ್ಚಿ. ತೂತು ಕೊರೆಯಬೇಡಿ.

ಎರೆಹೊಲ:
ಕಾಂಗ್ರೆಸ್ ಗಿಡಕ್ಕೆ ಉಪ್ಪಿನ ನೀರು ಹೊಡೆಯಿರಿ ಎಂದು ಯಾರಾದರೂ ಹೇಳುವ ಮೊದಲೇ ಬರೆಯುತ್ತಿದ್ದೇನೆ. ಗಿಡ ಸಾಯುತ್ತದೆ ನಿಜ, ಆದರೆ ಎರೆಮಣ್ಣಿನ ಸಣ್ಣ ಹಿತ್ತಲಿಗೆ ಉಪ್ಪು ಸುರಿದರೆ ಮುಂದೆ ಕರಿಬೇವೂ ಬಾರದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಬಿದ್ದ ಹೊಲ ನೋಡಿದವರು ಈ ಸಲಹೆ ಕೊಡುವುದಿಲ್ಲ. ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ ಬೇರುಸಹಿತ ಕಿತ್ತರೆ ಸಾಕು. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟಿದ್ದರೆ ಬೇಡ, ಬೀಜ ಸಾಯದೆ ಉಳಿಯುತ್ತದೆ. ಕೀಳುವವರ ಮೈ ಪೂರ್ತಿ ಮುಚ್ಚಿರಲಿ. ಕೆಲವರಿಗೆ ಚರ್ಮವೆಲ್ಲ ತುರಿಸಿ ಕಪ್ಪಾಗುತ್ತದೆ, ಉಬ್ಬಸ ಇದ್ದವರು ದೂರ ಇರಲಿ.

ಕೊಪ್ಪಳದ_ಕೋಟೆ:
ಆ ಗಿಡ ತಿನ್ನುವ ದುಂಬಿ ಇದೆಯಂತಲ್ಲ?

ಎರೆಹೊಲ:
ಇದೆ. ಮೆಕ್ಸಿಕೋ ಮೂಲದ ದುಂಬಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಚೆನ್ನಾಗಿ ಮೇಯುತ್ತದೆ, ನಮ್ಮ ಬೇಸಿಗೆಗೆ ಮಣ್ಣಿನೊಳಗೆ ಮಲಗುತ್ತದೆ. ಮನೆ ಬಾಡಿಗೆಗೆ ಕೊಡುವವರು ದುಂಬಿಗಾಗಿ ಕಾಯಲಾರರು.

ಮೇಷ್ಟ್ರು_ನಿವೃತ್ತ:
ಹಿತ್ತಲಿನಲ್ಲಿ ಬೇವಿನ ಮರವೇನಾದರೂ ಇದ್ದರೆ ಜಾಲಿಯ ಜೊತೆ ಅದನ್ನೂ ಉರುಳಿಸಿಬಿಡಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಹಿತ್ತಲಮನೆ:
ಬೇವಿದೆ, ಅದನ್ನು ಮುಟ್ಟುವುದಿಲ್ಲ ಮೇಷ್ಟ್ರೇ. ಆ ನೆರಳಿಗೇ ಬಾಡಿಗೆ ಬರಬೇಕು.

ಎಲ್ಲರ ಮಾತು ಓದಿ ಹೀಗೆ ನಿರ್ಧರಿಸಿದ್ದೇನೆ. ಮುಂದಿನ ವಾರ ಅಣ್ಣನನ್ನು ಕರೆದುಕೊಂಡು ಬಂದು ಮೊದಲು ಶೆಡ್ಡು ನಾವೇ ಬೇರ್ಪಡಿಸುತ್ತೇವೆ. ಬ್ಯಾಟರಿ ಅಂಗಡಿಗೆ, ಕಬ್ಬಿಣ ಗುಜರಿಗೆ, ಔಷಧ ಡ್ರಮ್ಮಿಗೆ. ಪತ್ರ ಮೂರೂ ಕಚೇರಿಗೆ. ಗುಂಡಿಗೆ ಯಂತ್ರದ ಗಾಡಿ. ಅದೆಲ್ಲ ಆದ ಮೇಲೆ ಆಳುಗಳು, ದಿನಗೂಲಿ, ಎಲ್ಲರಿಗೂ 750. ಯಾರಿಗಾದರೂ ಪೆಟ್ಟಾದರೆ ಚಿಕಿತ್ಸೆಯ ಖರ್ಚು ನಮ್ಮದೆಂದು ಮೊದಲೇ ಮಾತಾಡಿಕೊಳ್ಳುತ್ತೇವೆ.

ರಾಯಚೂರು_ಬಿಸಿಲು:
ಬಹಳ ಸಂತೋಷ. ಬಂದವರಿಗೆ ಬ್ಯಾಂಕ್ ಖಾತೆ ಇದ್ದರೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದಾರೆಯೇ ಎಂದು ಕೇಳಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಇಲ್ಲದಿದ್ದರೆ ಆ 20 ರೂಪಾಯಿ ನೀವೇ ಕೊಡಿ.

ಒಗ್ಗರಣೆ_ಮಿರ್ಚಿ:
ಎಲ್ಲರಿಗೂ 750 ಎಂದರೆ ನಾಳೆ ನಮ್ಮ ಓಣಿಯಲ್ಲೂ ಅದನ್ನೇ ಕೇಳುತ್ತಾರೆ. ದರ ಏರಿಸಿ ಹೋಗುವವರು ನೀವು, ಇಲ್ಲಿ ಇರುವವರು ನಾವು.

ಮೇಸ್ತ್ರಿ_ಕೆಲಸ:
ಕೊಡಿ ಮಿರ್ಚಿಯಣ್ಣ, ಕೊಟ್ಟರೆ ನಿಮ್ಮ ಓಣಿಗೂ ಬರುತ್ತೇವೆ.

ಅಕ್ಕ, ಒಂದು ಕೇಳಬೇಕಿತ್ತು. ಗೇಟು ಎಷ್ಟು ಅಗಲ? ಟ್ರ್ಯಾಕ್ಟರಿನ ಟ್ರಾಲಿ ಒಳಗೆ ಬಂದರೆ ಒಂದು ಲೆಕ್ಕ, ಬುಟ್ಟಿಯಲ್ಲಿ ರಸ್ತೆಯವರೆಗೆ ಹೊರಬೇಕಾದರೆ ಇನ್ನೊಂದು ಲೆಕ್ಕ.

ಹಿತ್ತಲಮನೆ:
ಗೇಟು ಎಂಟು ಅಡಿ ಇದೆ. ಆದರೆ ಅದರ ಮುಂದೆ ಪಕ್ಕದ ಮನೆಯವರು ಕಾರು ನಿಲ್ಲಿಸುತ್ತಾರೆ, ಖಾಲಿ ಮನೆಯಲ್ಲವೇ ಎಂದು.

ಮೇಸ್ತ್ರಿ_ಕೆಲಸ:
ಹಾಗಾದರೆ ಮೊದಲು ಕಾರಿನ ವಿಚಾರ ಬಗೆಹರಿಸಿ, ಆಮೇಲೆ ನನಗೆ ತಿಳಿಸಿ.